ಭ್ರೂಣಕ್ಕೂ ಐಕ್ಯೂ ಅಂಕಪಟ್ಟಿ: ಈ ಲೆಕ್ಕವನ್ನು ಎಷ್ಟು ನಂಬಬಹುದು?

ಐದು ದಿನದ ಭ್ರೂಣಗಳನ್ನು ಸಾಲಾಗಿಟ್ಟು 'ಇವುಗಳಲ್ಲಿ ಮೂರನೆಯದು ಉಳಿದವಕ್ಕಿಂತ ಜಾಣ ಆದೀತು' ಎಂದು ಹೇಳುವ ಕಂಪನಿಗಳು ಅಮೆರಿಕದಲ್ಲಿ ಹುಟ್ಟಿಕೊಂಡಿವೆ. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಇಂಥ ಕಂಪನಿಯೊಂದರ ದರವನ್ನು ಬಯಲಿಗೆ ತಂದಿತು. ನೂರು ಭ್ರೂಣಗಳ ಪರೀಕ್ಷೆಗೆ 50,000 ಡಾಲರ್‌ವರೆಗೆ ಶುಲ್ಕ, ಪ್ರತಿಯಾಗಿ ಆರಕ್ಕಿಂತ ಹೆಚ್ಚು ಐಕ್ಯೂ ಅಂಕಗಳ ಲಾಭದ ಭರವಸೆ. ಮರುವರ್ಷ ಇನ್ನೊಂದು ಕಂಪನಿ ಸುಮಾರು 6,000 ಡಾಲರ್‌ಗೆ ಅದೇ ಬಗೆಯ ಸೇವೆ ಶುರುಮಾಡಿತು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಗನೋ ಮಗಳೋ ಇರುವ ಬೆಂಗಳೂರು, ಮೈಸೂರಿನ ಮನೆಗಳಿಗೆ ಇಂಥ ಸುದ್ದಿ ವಾಟ್ಸಾಪ್‌ನಲ್ಲಿ ಬಂದು ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಓದಿದವರಿಗೆ ಗೊಂದಲವಾಗುವುದು ಸಹಜ. ಏಕೆಂದರೆ ಒಂದೇ ವರದಿಯಲ್ಲಿ ಎರಡು ಬೇರೆ ಬೇರೆ ಅಂಕಿಗಳಿರುತ್ತವೆ. ಬುದ್ಧಿಶಕ್ತಿಯಲ್ಲಿ ಶೇ. 50ರಿಂದ 80ರಷ್ಟು ಜೀನ್‌ಗಳ ಪಾಲು ಎನ್ನುತ್ತದೆ ಒಂದು ಸಾಲು. ಯಾರು ಎಷ್ಟು ಓದುತ್ತಾರೆ ಎಂಬ ವ್ಯತ್ಯಾಸದಲ್ಲಿ ಡಿಎನ್‌ಎ ನೋಡಿ ಊಹಿಸಬಹುದಾದದ್ದು ಶೇ. 12ರಿಂದ 16 ಮಾತ್ರ ಎನ್ನುತ್ತದೆ ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಮತ್ತು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ದಂಪತಿ ಕೇಳುತ್ತಿರುವುದು ಮೂರನೆಯದೇ ಒಂದು ಪ್ರಶ್ನೆ.

ಪ್ರಯೋಗಾಲಯದಲ್ಲಿ ನಡೆಯುವುದೇನು

ಐವಿಎಫ್‌ನಲ್ಲಿ, ಅಂದರೆ ಅಂಡ-ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಚಿಕಿತ್ಸೆಯಲ್ಲಿ, ಬೆಳೆಸಿದ ಭ್ರೂಣದ ಹೊರಪದರದಿಂದ ಕೆಲವೇ ಕೋಶಗಳನ್ನು ತೆಗೆದು ಡಿಎನ್‌ಎ ಓದುತ್ತಾರೆ. ಅಲ್ಲಿ ಹುಡುಕುವುದು ಒಂದು 'ಬುದ್ಧಿಯ ಜೀನ್' ಅಲ್ಲ, ಅಂಥದ್ದು ಇಲ್ಲವೇ ಇಲ್ಲ. ಒಂದು ಕಾಲಕ್ಕೆ 'ಸಿಟ್ಟಿನ ಜೀನ್', 'ಖಿನ್ನತೆಯ ಜೀನ್' ಎಂದು ಒಂಟಿ ಜೀನ್‌ಗಳು ಪತ್ರಿಕೆಗಳಲ್ಲಿ ಮೆರೆದಿದ್ದವು. ಖಿನ್ನತೆಗೆ ಸಂಬಂಧವಿದೆ ಎನ್ನಲಾಗಿದ್ದ 18 ಹೆಸರುವಾಸಿ ಜೀನ್‌ಗಳನ್ನು 2019ರಲ್ಲಿ ದೊಡ್ಡ ಪ್ರಮಾಣದ ಮಾಹಿತಿಯೊಂದಿಗೆ ತಾಳೆ ನೋಡಿದಾಗ, ಕಣ್ಣುಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಅವು ಹೆಚ್ಚೇನನ್ನೂ ಹೇಳಲಿಲ್ಲ. ಹತ್ತಾರು ವರ್ಷಗಳ ಸಂಶೋಧನೆಯ ದೊಡ್ಡ ಭಾಗ ಅಲ್ಲಿಗೆ ನೀರುಪಾಲಾಯಿತು.

ಈಗಿನ ವಿಧಾನ ಬೇರೆ. ಲಕ್ಷಾಂತರ ಜನರ ಡಿಎನ್‌ಎ ಪಕ್ಕದಲ್ಲಿ ಅವರ ಒಂದು ಗುಣವನ್ನು ಇಟ್ಟು, ಯಾವ ಯಾವ ಜಾಗದಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಗುಣ ಎಷ್ಟು ಏರುಪೇರಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಎಲ್ಲವನ್ನೂ ಕೂಡಿದರೆ ಬರುವುದೇ 'ಪಾಲಿಜೆನಿಕ್ ಸ್ಕೋರ್'. ಇವುಗಳಲ್ಲಿ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು 30 ಲಕ್ಷ ಜನರನ್ನು ಒಳಗೊಂಡ ಅದು ಡಿಎನ್‌ಎಯಲ್ಲಿ 3,952 ಜಾಗಗಳನ್ನು ಗುರುತಿಸಿತು. ಒಂದೊಂದು ಜಾಗದ ಪರಿಣಾಮ ಒಂದೆರಡು ವಾರಗಳ ಶಾಲಾ ಓದಿನಷ್ಟು.

'ವಾರಗಳ ಓದು' ಎಂಬ ಅಳತೆಯನ್ನು ಗಮನಿಸಿ. ಆ ಅಧ್ಯಯನ ಅಳೆದದ್ದು ಬುದ್ಧಿಯನ್ನಲ್ಲ, ಜನ ಎಷ್ಟು ವರ್ಷ ಓದಿದರು ಎಂಬುದನ್ನು. ಎಷ್ಟು ಓದುತ್ತೇವೆ ಎನ್ನುವುದು ಬುದ್ಧಿಯ ಜತೆಗೆ ಹಟ, ಆರೋಗ್ಯ, ಮನೆಯ ಅನುಕೂಲ, ಊರಲ್ಲಿ ಕಾಲೇಜು ಇದೆಯೋ ಇಲ್ಲವೋ ಎಂಬುದರ ಮೇಲೂ ನಿಂತಿದೆ. ಐಕ್ಯೂ ಎಂದು ಮಾರುವ ಸ್ಕೋರ್‌ಗಳು ಇಂಥ ಅಳತೆಗಳನ್ನೂ ಆಧಾರವಾಗಿ ಬಳಸುತ್ತವೆ ಎಂಬುದು ಜಾಹೀರಾತಿನಲ್ಲಿ ಎದ್ದು ಕಾಣುವುದಿಲ್ಲ.

ಶೇಕಡಾ ಐವತ್ತು, ಯಾವುದರಲ್ಲಿ?

ಶೇ. 50, ಶೇ. 80 ಎಂಬ ಅಂಕಿಗಳು ಬಂದದ್ದು ಅವಳಿಗಳ ಅಧ್ಯಯನದಿಂದ. ಒಂದೇ ಅಂಡ ಸೀಳಿ ಹುಟ್ಟಿದ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಭಾಗದಲ್ಲಿ ಸರಾಸರಿ ಅರ್ಧ ಒಂದೇ. ಇಬ್ಬಗೆಯ ಅವಳಿಗಳೂ ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಆದ್ದರಿಂದ ಮೊದಲ ಬಗೆಯವರು ಹೆಚ್ಚು ಹೋಲುತ್ತಿದ್ದರೆ ಆ ಹೆಚ್ಚಳಕ್ಕೆ ಜೀನ್ ಕಾರಣ ಎಂಬುದು ತರ್ಕ. 2015ರಲ್ಲಿ ಐವತ್ತು ವರ್ಷಗಳ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದರು. 1.45 ಕೋಟಿ ಅವಳಿ ಜೋಡಿಗಳು, 17,804 ಗುಣಗಳು. ಸರಾಸರಿ ಆನುವಂಶಿಕ ಪಾಲು ಶೇ. 49. ಮನುಷ್ಯನ ನಡವಳಿಕೆಯಲ್ಲಿ ಜೀನ್‌ಗಳ ಕೈವಾಡವೇ ಇಲ್ಲ ಎಂದು ವಾದಿಸುವವರಿಗೆ ಇಲ್ಲಿ ಜಾಗವಿಲ್ಲ.

ಆದರೆ ಈ 49 ಏನನ್ನು ಹೇಳುತ್ತದೆ? ಒಬ್ಬ ವ್ಯಕ್ತಿಯ ಬುದ್ಧಿಯಲ್ಲಿ ಅರ್ಧ ಜೀನ್‌ನದು, ಅರ್ಧ ಮನೆಯದು ಎಂದಲ್ಲ. 30×40 ಸೈಟಿನ 1,200 ಚದರಡಿಯಲ್ಲಿ ಮೂವತ್ತರ ಪಾಲೆಷ್ಟು, ನಲವತ್ತರ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಒಂದನ್ನು ತೆಗೆದರೆ ಸೈಟೇ ಇಲ್ಲ. ಆದರೆ ಒಂದು ಬಡಾವಣೆಯಲ್ಲಿ ಎಲ್ಲ ಸೈಟುಗಳ ಉದ್ದವೂ 40 ಅಡಿಯೇ ಇದ್ದು, ಅಗಲ ಮಾತ್ರ 20, 30, 50 ಎಂದು ಬದಲಾಗುತ್ತಿದ್ದರೆ, ಸೈಟಿನಿಂದ ಸೈಟಿಗೆ ಇರುವ ವಿಸ್ತೀರ್ಣದ ವ್ಯತ್ಯಾಸಕ್ಕೆ ಶೇ. 100ರಷ್ಟು ಅಗಲವೇ ಕಾರಣ ಎನ್ನಬಹುದು. ಪಕ್ಕದ ಬಡಾವಣೆಯಲ್ಲಿ ಅಗಲ ಒಂದೇ ಆಗಿ ಉದ್ದ ಬದಲಾಗುತ್ತಿದ್ದರೆ ಅಲ್ಲಿ ಅಗಲದ ಪಾಲು ಸೊನ್ನೆ. ಅಗಲದ ಮಹತ್ವ ಎರಡೂ ಕಡೆ ಒಂದೇ, ಆದರೆ ಶೇಕಡಾವಾರು ನೂರರಿಂದ ಸೊನ್ನೆಗೆ ಇಳಿಯಿತು.

ಆನುವಂಶಿಕ ಪಾಲು ಎಂಬ ಅಂಕಿಯೂ ಇಷ್ಟೇ. ಒಂದು ಕಾಲದ, ಒಂದು ಊರಿನ ಜನರ ನಡುವಿನ ವ್ಯತ್ಯಾಸದ ಲೆಕ್ಕ ಅದು. ಎಲ್ಲರಿಗೂ ಒಂದೇ ತೆರನ ಶಾಲೆ, ಊಟ, ಆಸ್ಪತ್ರೆ ಸಿಕ್ಕ ನಾಡಿನಲ್ಲಿ ಉಳಿಯುವ ವ್ಯತ್ಯಾಸಕ್ಕೆ ಜೀನ್ ಬಿಟ್ಟರೆ ಬೇರೆ ಕಾರಣ ಕಡಿಮೆ. ಹೀಗಾಗಿ ಸಮಾನತೆ ಹೆಚ್ಚಿದಷ್ಟೂ ಈ ಅಂಕಿ ಏರುತ್ತದೆ. ಶೇ. 80 ಎಂದು ಕೇಳಿದ ಕೂಡಲೇ 'ಎಲ್ಲ ಹಣೆಬರಹ' ಎಂದು ಕೈಚೆಲ್ಲುವವರು ಈ ಅಂಕಿಯನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಇನ್ನೊಂದು ವಿಚಿತ್ರವಿದೆ. ನಾಲ್ಕು ದೇಶಗಳ ಸುಮಾರು 11,000 ಅವಳಿ ಜೋಡಿಗಳನ್ನು ನೋಡಿದಾಗ ಬುದ್ಧಿಶಕ್ತಿಯ ಆನುವಂಶಿಕ ಪಾಲು 9ನೇ ವಯಸ್ಸಿನಲ್ಲಿ ಶೇ. 41, 12ರಲ್ಲಿ ಶೇ. 55, 17ರಲ್ಲಿ ಶೇ. 66 ಎಂದು ಕಂಡುಬಂತು. ಬೆಳೆದಂತೆ ಹೊರಗಿನ ಅನುಭವ ಕೂಡುತ್ತಾ ಹೋಗುತ್ತದೆ, ಜೀನ್‌ನ ಪಾಲು ಇಳಿಯಬೇಕಿತ್ತಲ್ಲ? ಒಂದು ವಿವರಣೆ ಹೀಗಿದೆ: ಓದಿನಲ್ಲಿ ಸ್ವಲ್ಪ ಒಲವಿರುವ ಮಗು ಪುಸ್ತಕ ಹುಡುಕಿಕೊಂಡು ಹೋಗುತ್ತದೆ, ಮೇಷ್ಟ್ರ ಕಣ್ಣಿಗೆ ಬೀಳುತ್ತದೆ, ಅಂಥದ್ದೇ ಗೆಳೆಯರನ್ನು ಕೂಡಿಕೊಳ್ಳುತ್ತದೆ. ಸಣ್ಣ ಒಲವು ತನಗೆ ಬೇಕಾದ ಪರಿಸರವನ್ನು ತಾನೇ ಕಟ್ಟಿಕೊಂಡು ದೊಡ್ಡದಾಗುತ್ತದೆ. ಲೆಕ್ಕದಲ್ಲಿ ಇದೆಲ್ಲ 'ಜೀನ್' ಖಾತೆಗೆ ಜಮಾ ಆಗುತ್ತದೆ. ಆದರೆ ನಡುವೆ ಇದ್ದದ್ದು ಗ್ರಂಥಾಲಯ, ಮೇಷ್ಟ್ರು, ಗೆಳೆಯರು. ಗ್ರಂಥಾಲಯವೇ ಇಲ್ಲದ ಊರಿನಲ್ಲಿ ಅದೇ ಜೀನ್‌ಗೆ ಮಾಡಲು ಕೆಲಸವಿಲ್ಲ.

ಎತ್ತರ ಹೇಳುವ ಕಥೆ

ಅನುಮಾನವಿದ್ದರೆ ಎತ್ತರವನ್ನು ನೋಡಬಹುದು. ಚೆನ್ನಾಗಿ ಉಂಡು ಬೆಳೆದ ಜನರಲ್ಲಿ ಎತ್ತರದ ಆನುವಂಶಿಕ ಪಾಲು ಸುಮಾರು ಶೇ. 80. ಆದರೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ 1896ರಲ್ಲಿ ಹುಟ್ಟಿದವರಿಗೂ 1996ರಲ್ಲಿ ಹುಟ್ಟಿದವರಿಗೂ ನಡುವೆ 20 ಸೆಂ.ಮೀ. ಏರಿತು. ನಾಲ್ಕೈದು ತಲೆಮಾರಿನಲ್ಲಿ ಜನರ ಜೀನ್ ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಊಟ, ನೀರು, ಕಾಯಿಲೆ. ಐಕ್ಯೂ ಕೂಡ ಹೀಗೇ ಏರಿತು. ನ್ಯೂಜಿಲೆಂಡ್‌ನ ಪ್ರೊಫೆಸರ್ ಜೇಮ್ಸ್ ಫ್ಲಿನ್ ತೋರಿಸಿದಂತೆ ಇಪ್ಪತ್ತನೇ ಶತಮಾನದ ಬಹುಪಾಲು ಹಲವು ದೇಶಗಳಲ್ಲಿ ದಶಕಕ್ಕೆ ಸುಮಾರು 3 ಅಂಕದಂತೆ ಸರಾಸರಿ ಮೇಲೇರುತ್ತಲೇ ಹೋಯಿತು. ಯಾವ ಭ್ರೂಣವನ್ನೂ ಯಾರೂ ಆರಿಸಿರಲಿಲ್ಲ.

ಬಡ ಮನೆ, ಸ್ಥಿತಿವಂತ ಮನೆ

ಇಲ್ಲಿಂದ ವಿಜ್ಞಾನಿಗಳಲ್ಲೇ ಜಗಳ ಶುರು. ಮನಶ್ಶಾಸ್ತ್ರಜ್ಞ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಏಳು ವರ್ಷದ ಅವಳಿಗಳನ್ನು ಮನೆಯ ಸ್ಥಿತಿಗತಿಯ ಪ್ರಕಾರ ವಿಂಗಡಿಸಿ ನೋಡಿದರು. ಬಡ ಕುಟುಂಬಗಳಲ್ಲಿ ಐಕ್ಯೂ ವ್ಯತ್ಯಾಸದ ಶೇ. 60ರಷ್ಟು ಮನೆಯ ವಾತಾವರಣದ್ದಾಗಿತ್ತು, ಜೀನ್‌ನ ಪಾಲು ಸೊನ್ನೆಯ ಹತ್ತಿರ. ಸ್ಥಿತಿವಂತರ ಮನೆಗಳಲ್ಲಿ ಹೆಚ್ಚುಕಡಿಮೆ ಇದರ ತದ್ವಿರುದ್ಧ. ಮಗುವಿನಲ್ಲಿ ಏನಿದೆಯೋ ಅದು ಹೊರಬರಲು ಬಡತನ ಬಿಡುವುದಿಲ್ಲ ಎಂದು ಇದನ್ನು ಓದಿದವರು ಬಹಳ.

2016ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಚಿತ್ರ ಸ್ವಲ್ಪ ಬದಲಾಯಿತು. ಅಮೆರಿಕದಲ್ಲಿ ಈ ಪರಿಣಾಮ ಉಳಿದುಕೊಂಡಿತು, ಆದರೆ ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಪಶ್ಚಿಮ ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಕಾಣಲೇ ಇಲ್ಲ. ಅಲ್ಲಿ ಬಡವರ ಮಕ್ಕಳಿಗೂ ಆಸ್ಪತ್ರೆ, ಶಾಲೆ ಒಂದು ಮಟ್ಟಕ್ಕೆ ಖಾತ್ರಿ ಇರುವುದೇ ಕಾರಣವಿರಬಹುದು ಎಂಬುದು ಒಂದು ಊಹೆ. ಟರ್ಕ್‌ಹೈಮರ್ ಅವರ ಅಂಕಿಗಳನ್ನು ಎಲ್ಲ ದೇಶಕ್ಕೂ ಅನ್ವಯಿಸುವುದು ತಪ್ಪು. ಆದರೆ ಜೀನ್‌ನ ಪಾಲು ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬುದನ್ನೇ ಈ ಭಿನ್ನಮತವೂ ತೋರಿಸುತ್ತದೆ.

ಮಗುವಿಗೆ ಬಾರದ ಜೀನ್ ಕೂಡ ಕೆಲಸ ಮಾಡುತ್ತದೆ

ಭ್ರೂಣದ ಆಯ್ಕೆಗೆ ನೇರವಾಗಿ ಪೆಟ್ಟು ಕೊಡುವ ಸಂಗತಿ ಹೊರಬಂದದ್ದು ಐಸ್‌ಲ್ಯಾಂಡ್‌ನಿಂದ, 2018ರಲ್ಲಿ. ತಂದೆತಾಯಿ ತಮ್ಮ ಜೀನ್‌ಗಳಲ್ಲಿ ಅರ್ಧವನ್ನು ಮಾತ್ರ ಮಗುವಿಗೆ ದಾಟಿಸುತ್ತಾರೆ. ದಾಟದೆ ಉಳಿದ ಅರ್ಧ ಮಗುವಿನ ದೇಹದಲ್ಲಿ ಇಲ್ಲವೇ ಇಲ್ಲ. ಆ ಅರ್ಧಕ್ಕೂ ಮಗುವಿನ ಓದಿಗೂ ಸಂಬಂಧ ಇರಬಾರದು. ಆದರೆ ಇತ್ತು. ದಾಟಿದ ಜೀನ್‌ಗಳ ಪರಿಣಾಮದ ಸುಮಾರು ಶೇ. 30ರಷ್ಟು ದಾಟದ ಜೀನ್‌ಗಳಲ್ಲೂ ಕಂಡಿತು. ಅಪ್ಪ ಅಮ್ಮನ ಜೀನ್‌ಗಳು ಅವರ ಓದು, ಸಂಬಳ, ಮನೆಯ ಮಾತುಕತೆಯನ್ನು ರೂಪಿಸುತ್ತವೆ, ಆ ಮನೆ ಮಗುವನ್ನು ರೂಪಿಸುತ್ತದೆ ಎಂಬುದು ಇದಕ್ಕೆ ಕೊಟ್ಟ ಮುಖ್ಯ ವಿವರಣೆ. ಸಂಶೋಧಕರು ಇದನ್ನು ಜೀನ್‌ಗಳ ಪೋಷಣೆ ಎಂದು ಕರೆದರು.

ಪರಿಣಾಮವನ್ನು ಬಿಡಿಸಿ ನೋಡೋಣ. ಬೇರೆ ಬೇರೆ ಮನೆಗಳ ಇಬ್ಬರನ್ನು ಹೋಲಿಸಿದಾಗ ಸ್ಕೋರ್ ಸ್ವಲ್ಪ ಚೆನ್ನಾಗಿ ಊಹಿಸುತ್ತದೆ, ಏಕೆಂದರೆ ಅದರೊಳಗೆ ಮನೆಯ ಪ್ರಭಾವವೂ ಕಳ್ಳದಾರಿಯಲ್ಲಿ ಸೇರಿಕೊಂಡಿದೆ. ಒಡಹುಟ್ಟಿದವರನ್ನು ಹೋಲಿಸಿದಾಗ ಮನೆ ಒಂದೇ. ಹಾಗಾಗಿ ಆ ಭಾಗ ಕಳಚಿ ಬೀಳುತ್ತದೆ. 30 ಲಕ್ಷ ಜನರ ಅಧ್ಯಯನದಲ್ಲೇ ಓದಿನ ಮೇಲಿನ ಸ್ಕೋರ್‌ನ ಪರಿಣಾಮ ಕುಟುಂಬದೊಳಗೆ ನೋಡಿದಾಗ ಸರಿಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ದಂಪತಿಯ ಭ್ರೂಣಗಳೆಂದರೆ ಒಡಹುಟ್ಟಿದವರೇ. ಅಂದರೆ ಶೇ. 12-16 ಎಂಬ ಅಂಕಿ ಒಂದು ಪ್ರಶ್ನೆಯದು, ದಂಪತಿಗೆ ಬೇಕಾದ ಉತ್ತರ ಇನ್ನೊಂದು ಪ್ರಶ್ನೆಯದು.

ಕೊನೆಗೆ ಸಿಗುವುದು ಎಷ್ಟು ಅಂಕ?

ಜೆರುಸಲೇಂನ ಹೀಬ್ರೂ ವಿಶ್ವವಿದ್ಯಾಲಯದ ಶಾಯ್ ಕಾರ್ಮಿ ಅವರ ತಂಡ 2019ರಲ್ಲಿ ಇದನ್ನು ಲೆಕ್ಕ ಹಾಕಿತು. ಹತ್ತು ಭ್ರೂಣಗಳಲ್ಲಿ ಅತಿ ಹೆಚ್ಚು ಸ್ಕೋರ್ ಇರುವುದನ್ನು ಆರಿಸಿದರೆ, ಸರಾಸರಿ ಭ್ರೂಣಕ್ಕಿಂತ ಅಂದಾಜು 2.5 ಐಕ್ಯೂ ಅಂಕ ಹೆಚ್ಚು. ಅದೂ ಸರಾಸರಿ ಮಾತ್ರ. ಲೆಕ್ಕ ಎಷ್ಟರಮಟ್ಟಿಗೆ ನಿಜವಾದೀತು ಎಂದು ನೋಡಲು ಅವರು ಸರಾಸರಿ ಹತ್ತು ಮಕ್ಕಳಿದ್ದ, ಆ ಮಕ್ಕಳೆಲ್ಲ ಈಗ ವಯಸ್ಕರಾಗಿರುವ 28 ದೊಡ್ಡ ಕುಟುಂಬಗಳನ್ನು ತೆಗೆದುಕೊಂಡರು. ಎತ್ತರದ ಸ್ಕೋರ್‌ನಲ್ಲಿ ಮೊದಲ ಸ್ಥಾನ ಬಂದವರು ನಿಜಕ್ಕೂ ಮನೆಯಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದದ್ದು 7 ಕುಟುಂಬಗಳಲ್ಲಿ ಮಾತ್ರ. 5 ಕುಟುಂಬಗಳಲ್ಲಂತೂ ಅವರು ಮನೆಯ ಸರಾಸರಿಗಿಂತ ಕುಳ್ಳಗಿದ್ದರು. ಎತ್ತರ ಎಂದರೆ ಡಿಎನ್‌ಎ ನೋಡಿ ಊಹಿಸುವುದು ಬುದ್ಧಿಗಿಂತ ಸುಲಭವಾದ ಗುಣ. ಅಲ್ಲೇ ಈ ಪಾಡು.

ಆಮೇಲೆ ಸ್ಕೋರ್‌ಗಳು ಸುಧಾರಿಸಿವೆ, ಆ ಲೆಕ್ಕ ಹಳತಾಯಿತು ಎನ್ನುತ್ತವೆ ಕಂಪನಿಗಳು. ಸ್ವಲ್ಪ ನಿಜವಿದ್ದೀತು. ಆದರೆ ಹೆಚ್ಚಿನ ದಂಪತಿಗಳಿಗೆ ಹತ್ತು ಒಳ್ಳೆಯ ಭ್ರೂಣ ಸಿಗುವುದೇ ಕಷ್ಟ, ನೂರರ ಮಾತಂತೂ ಬಿಡಿ. ಮೊದಲ ಸ್ಥಾನದ ಭ್ರೂಣ ಗರ್ಭದಲ್ಲಿ ನಿಲ್ಲದೆ ಹೋದರೆ ಎರಡನೆಯದು, ಮೂರನೆಯದು. ಒಂದೊಂದು ಮೆಟ್ಟಿಲು ಇಳಿದಂತೆ ಲಾಭವೂ ಕರಗುತ್ತದೆ.

ಪರ, ವಿರೋಧ

ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಟ್ಯೂಷನ್, ಒಲಿಂಪಿಯಾಡ್ ಕೋಚಿಂಗ್, ಲಕ್ಷಗಟ್ಟಲೆ ಡೊನೇಷನ್ ಕೊಟ್ಟು ಸೇರಿಸುವ ಶಾಲೆ, ಇವೆಲ್ಲವೂ ಮಗುವಿಗೆ ಒಂದಿಷ್ಟು ಮುನ್ನಡೆ ಕೊಡಿಸುವ ಪ್ರಯತ್ನವೇ. ಭ್ರೂಣದ ಆಯ್ಕೆ ಮಾತ್ರ ಏಕೆ ತಪ್ಪು ಎಂದು ಅವರು ಕೇಳುತ್ತಾರೆ. ಹೇಗೂ ಒಂದನ್ನು ಆರಿಸಲೇಬೇಕು, ಮಾಹಿತಿ ಇಟ್ಟುಕೊಂಡು ಆರಿಸಿದರೆ ಯಾರಿಗೇನು ನಷ್ಟ?

ನಷ್ಟವಿದೆ ಎನ್ನುತ್ತದೆ 2021ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಶ್ಲೇಷಣೆ. ಒಂದು ಜೀನ್ ಒಂದೇ ಕೆಲಸಕ್ಕೆ ಅಂಟಿಕೊಂಡಿರುವುದಿಲ್ಲ. ಹೆಚ್ಚು ಓದಿನ ಸ್ಕೋರ್ ಇರುವ ಭ್ರೂಣವನ್ನು ಆರಿಸಿದಾಗ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಯ ಸಾಧ್ಯತೆಯೂ ತುಸು ಮೇಲಕ್ಕೆ ಹೋಗುತ್ತದೆ. ಯುರೋಪಿನ ಮಾನವ ತಳಿವಿಜ್ಞಾನ ಸೊಸೈಟಿಯ ಹೇಳಿಕೆ ಭ್ರೂಣಗಳಿಗೆ ಇಂಥ ಸ್ಕೋರ್ ಬಳಸುವುದನ್ನು ಸಾಬೀತಾಗದ, ಅನೈತಿಕ ಪದ್ಧತಿ ಎಂದು ಕರೆದಿದೆ.

ಪರಿಸರವೂ ದೇಹದೊಳಗೇ ಇಳಿಯುತ್ತದೆ

ಈ ಚರ್ಚೆಯಲ್ಲಿ ಜೀನ್ ಎಂದರೆ ದೇಹ, ಪರಿಸರ ಎಂದರೆ ಹೊರಗಿನ ಯಾವುದೋ ಗಾಳಿಮಾತು ಎಂಬಂತೆ ಮಾತನಾಡುವವರಿದ್ದಾರೆ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ಹೊತ್ತಿಗೆ ಶುರುವಾದ ಪ್ರಯೋಗ ಈ ಭ್ರಮೆಯನ್ನು ಬಿಡಿಸುತ್ತದೆ. ಅನಾಥಾಲಯದ 136 ಕೂಸುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು. ನಾಲ್ಕೂವರೆ ವರ್ಷವಾದಾಗ ಅನಾಥಾಲಯದ ಪಾಲಿಗೆ ಬಂದವರ ಸರಾಸರಿ ಐಕ್ಯೂ 73, ಸಾಕುಮನೆಗೆ ಹೋದವರದು 81, ಎಂದೂ ಅನಾಥಾಲಯ ಕಾಣದ ಮಕ್ಕಳದು 109. ಎರಡು ವರ್ಷದೊಳಗೆ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಅಲ್ಲಿ ಕೊರತೆಯಿದ್ದದ್ದು ಅನ್ನಕ್ಕಿಂತ ಹೆಚ್ಚಾಗಿ ಎತ್ತಿಕೊಳ್ಳುವ, ಮಾತಾಡಿಸುವ ಒಬ್ಬರದು. ಆ ಕೊರತೆ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲೇ ದಾಖಲಾಗಿತ್ತು.

ಇನ್ನು ನಮ್ಮ ಕಡೆಯ ಸಂಗತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1930ರ ದಶಕದಿಂದ ಮಕ್ಕಳ ಹುಟ್ಟಿನ ತೂಕ ಬರೆದಿಟ್ಟುಕೊಂಡು ಬಂದಿತ್ತು. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ ಒಂದು ದೀರ್ಘ ಅಧ್ಯಯನ ಶುರುವಾಯಿತು. ಆ ಮಕ್ಕಳು 9-10 ವರ್ಷದವರಾದಾಗ ಕಲಿಕೆ, ನೆನಪು, ಗಮನದ ಪರೀಕ್ಷೆಗಳನ್ನು ಕೊಟ್ಟರು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ವಿಟಮಿನ್ ಹೆಚ್ಚಿದ್ದ ಮಕ್ಕಳ ಅಂಕಗಳು ಉತ್ತಮವಾಗಿದ್ದವು, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಇದು ಸಂಬಂಧ ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತು ಮಾಡುವ ಪ್ರಯೋಗವಲ್ಲ. ಆದರೂ ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಮಾತ್ರೆಯಲ್ಲಿರುವ ಅದೇ ಪೋಷಕಾಂಶದ ಮಾತಿದು.

ಅಯೋಡಿನ್‌ನ ಕಥೆ ಇನ್ನೂ ಖಚಿತ. ಅಯೋಡಿನ್ ತೀವ್ರವಾಗಿ ಕಡಿಮೆಯಿರುವ ಪ್ರದೇಶಗಳಲ್ಲಿ ಬೆಳೆದ ಮಕ್ಕಳ ಐಕ್ಯೂ ಸರಾಸರಿ 12-13 ಅಂಕ ಕೆಳಗಿರುತ್ತದೆ. ಚಿಕ್ಕಮಗಳೂರು, ಕೊಡಗಿನಂಥ ಜಿಲ್ಲೆಗಳಲ್ಲಿ ಗಳಗಂಡ ಕಾಣುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಕತ್ತು ಊದಿದ್ದು ಕಣ್ಣಿಗೆ ಕಾಣುತ್ತಿತ್ತು, ಕುಂದಿದ ಕಲಿಕೆ ಕಾಣುತ್ತಿರಲಿಲ್ಲ. ಅದಕ್ಕೆ ಮದ್ದಾದದ್ದು ಅಡುಗೆ ಉಪ್ಪು. ಸೀಸದ ಲೆಕ್ಕವೂ ಇದೆ: ಮಗುವಿನ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 2.4 ಮೈಕ್ರೋಗ್ರಾಂ ಇದ್ದದ್ದು 10ಕ್ಕೆ ಏರಿದರೆ ಸುಮಾರು 3.9 ಐಕ್ಯೂ ಅಂಕ ನಷ್ಟ. ಭಾರತ 2000ದಲ್ಲಿ ಸೀಸದ ಪೆಟ್ರೋಲ್ ನಿಲ್ಲಿಸಿತು. ಹಳೆ ಬ್ಯಾಟರಿ ಕರಗಿಸುವ ಗುಡಿಸಲು ಕೈಗಾರಿಕೆ ಮಾತ್ರ ಇನ್ನೂ ನಿಂತಿಲ್ಲ.

ಈ ಅಂಕಿಗಳ ಪಕ್ಕದಲ್ಲಿ ಹತ್ತು ಭ್ರೂಣಗಳ 2.5 ಅಂಕವನ್ನು ಇಟ್ಟು ನೋಡಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳ ಬೆಳವಣಿಗೆ ಕುಂಠಿತ, ಶೇ. 65.5 ಮಕ್ಕಳಿಗೆ ರಕ್ತಹೀನತೆ. ಇಂಥ ಕಡೆ ಮಕ್ಕಳ ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕಲು ಡಿಎನ್‌ಎ ಓದುವ ಯಂತ್ರಕ್ಕಿಂತ ಮೊದಲು ಅಂಗನವಾಡಿಯ ತೂಕದ ಪುಸ್ತಕ ತೆರೆಯುವುದು ಬುದ್ಧಿವಂತಿಕೆ.

ಇಲ್ಲಿನ ಕಾನೂನು, ಇಲ್ಲಿನವರ ಡಿಎನ್‌ಎ

ಭಾರತದಲ್ಲಿ ಐಕ್ಯೂ ನೋಡಿ ಭ್ರೂಣ ಆರಿಸಲು ಕಾನೂನು ಅವಕಾಶ ಕೊಡುವುದಿಲ್ಲ. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ಭ್ರೂಣದ ತಳಿ ಪರೀಕ್ಷೆ ಗೊತ್ತಿರುವ ಆನುವಂಶಿಕ ಕಾಯಿಲೆಗಳ ಪತ್ತೆಗೆ ಮಾತ್ರ. ಗಂಡೋ ಹೆಣ್ಣೋ ಎಂದು ನೋಡುವುದಕ್ಕೆ 1994ರ ಕಾಯ್ದೆಯಿಂದಲೇ ತಡೆಯಿದೆ. ಆದರೆ ಆ ತಡೆಯ ಇತಿಹಾಸ ಬಲ್ಲವರಿಗೆ ಕಾನೂನಿನ ಮಿತಿಯೂ ಗೊತ್ತು. ಥಲಸ್ಸೀಮಿಯಾದಂಥ ಆನುವಂಶಿಕ ರಕ್ತದ ಕಾಯಿಲೆಯ ನೆಪದಲ್ಲಿ ಪೂರ್ತಿ ಡಿಎನ್‌ಎ ಓದಿಸಿ, ಆ ಫೈಲನ್ನು ಹೊರದೇಶದ ಕಂಪನಿಗೆ ಕಳಿಸಿ ಸ್ಕೋರ್ ತರಿಸಿಕೊಳ್ಳುವುದನ್ನು ಪತ್ತೆಹಚ್ಚುವುದು ಸ್ಕ್ಯಾನಿಂಗ್ ಸೆಂಟರ್ ಮೇಲೆ ದಾಳಿ ಮಾಡಿದಷ್ಟು ಸುಲಭವಲ್ಲ. ಅಮೆರಿಕದಲ್ಲಿರುವ ಭಾರತೀಯ ದಂಪತಿಗಳಿಗೆ ಈ ಕಾಯ್ದೆ ಅನ್ವಯವಾಗುವುದೂ ಇಲ್ಲ.

ಹಾಗೆ ತರಿಸಿಕೊಂಡ ಸ್ಕೋರ್ ಯಾರದ್ದು ಎಂಬುದೇ ಆಗ ಮುಖ್ಯ ಪ್ರಶ್ನೆ. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಸುಮಾರು ಶೇ. 79 ಮಂದಿ ಯುರೋಪ್ ಮೂಲದವರು ಎಂದು 2019ರ ವಿಶ್ಲೇಷಣೆಯೊಂದು ಹೇಳಿತು. ಅವರಿಂದ ಕಟ್ಟಿದ ಸ್ಕೋರ್ ದಕ್ಷಿಣ ಏಷ್ಯಾದವರ ಮೇಲೆ ಪ್ರಯೋಗಿಸಿದಾಗ ನಿಖರತೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ ಎಂದೂ ತೋರಿಸಿತು. ಒಡಹುಟ್ಟಿದವರ ನಡುವೆ ಆಗಲೇ ಅರ್ಧವಾಗಿದ್ದ ಪರಿಣಾಮದ ಮೇಲೆ ಇದು ಇನ್ನೊಂದು ಕಡಿತ. ಕನ್ನಡಿಗ ದಂಪತಿಯ ಕೈಗೆ ಬರುವ ಅಂಕಪಟ್ಟಿಯಲ್ಲಿ ಈ ಕಡಿತವನ್ನು ಮಾಡಿದ್ದಾರೆಯೇ, ಸ್ಕೋರನ್ನು ಭಾರತೀಯ ಒಡಹುಟ್ಟಿದವರ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ಕೇಳಬೇಕಾದವರು ದುಡ್ಡು ಕೊಡುವವರೇ.

ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ 10,000 ಜನರ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ಕಾಯಿಲೆಗಳ ಅಧ್ಯಯನಕ್ಕೆ ಅದು ದೊಡ್ಡ ಆಸ್ತಿ. ಓದು, ಬುದ್ಧಿಯಂಥ ಗುಣಗಳಿಗೆ ಸ್ಕೋರ್ ಕಟ್ಟಲು ಯುರೋಪ್ ಮೂಲದವರಲ್ಲಿ ಬೇಕಾದದ್ದು 30 ಲಕ್ಷ ಜನ, ಅಷ್ಟಾದ ಮೇಲೂ ಸಿಕ್ಕಿದ್ದು ಶೇ. 12-16. ಮದುವೆಯನ್ನು ಜಾತಿ, ಒಳಪಂಗಡದೊಳಗೇ ಮಾಡಿಕೊಂಡು ಬಂದ ಸಾವಿರಾರು ಗುಂಪುಗಳಿರುವ ಇಲ್ಲಿ ಅಷ್ಟು ದೊಡ್ಡ ಮಾಹಿತಿ ಕೂಡಿಸಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಭಾರತೀಯ ಭ್ರೂಣಕ್ಕೆ ಯಾರೇ ಐಕ್ಯೂ ಅಂಕ ಕೊಟ್ಟರೂ ಅದು ಬಹುಪಾಲು ಬೇರೆ ಜನರ, ಬೇರೆ ಶಾಲೆಗಳ, ಬೇರೆ ಊಟದ ಮೇಲೆ ಕಟ್ಟಿದ ಲೆಕ್ಕವೇ ಆಗಿರುತ್ತದೆ.